ಇಷ್ಟಂತೂ ಖಚಿತ



1924ರಲ್ಲಿ ಇಂಗ್ಲೆಂಡಿನ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಹೆನ್ರಿ ಡ್ಯೂಡನಿ ಎಂಬವರು ಒಂದು ಲೆಕ್ಕದ ಒಗಟು ಕೊಟ್ಟರು. ಅದರಲ್ಲಿ ಅಂಕಿಗಳೇ ಇಲ್ಲ! ‘ಸೆಂಡ್’, ‘ಮೋರ್’ ಎಂಬ ನಾಲ್ಕಕ್ಷರದ ಎರಡು ಇಂಗ್ಲಿಷ್ ಪದಗಳನ್ನು ಕೂಡಿದರೆ ಐದಕ್ಷರದ ‘ಮನಿ’ ಬರಬೇಕು. ಒಂದೊಂದು ಅಕ್ಷರದ ಹಿಂದೆ ಒಂದೊಂದು ಅಂಕಿ ಅಡಗಿದೆ. ಎರಡು ಅಕ್ಷರಕ್ಕೆ ಒಂದೇ ಅಂಕಿ ಸಲ್ಲದು.

ಬರೀ ಊಹೆ ನೆಚ್ಚಿದರೆ 18 ಲಕ್ಷಕ್ಕೂ ಮಿಕ್ಕಿದ ಜೋಡಣೆಗಳು. ಆದರೆ ತಾಳ್ಮೆಯಿಂದ ನೋಡಿ: ನಾಲ್ಕಂಕಿಯ ಎರಡು ಸಂಖ್ಯೆಗಳ ಮೊತ್ತ ಎಂದೂ 20,000 ಮುಟ್ಟದು. ಹಾಗಾದರೆ ಉತ್ತರದ ಮೊದಲಕ್ಷರ ‘ಎಂ’ 1 ಆಗಲೇಬೇಕು. ಅದು ತಿಳಿದರೆ ‘ಓ’ ಸೊನ್ನೆ, ‘ಎಸ್’ 9. ಹೀಗೆ ಒಂದು ಮತ್ತೊಂದನ್ನು ಬಿಡಿಸುತ್ತ, 9567ಕ್ಕೆ 1085 ಕೂಡಿ 10652 ಆಗುತ್ತದೆ. ಬೇರೆ ಉತ್ತರವೇ ಇಲ್ಲ.

ಬದುಕೂ ಕೆಲವೊಮ್ಮೆ ಇಂಥದೇ ಒಗಟು. ಮನೆಯ ಸಾಲ, ಮಕ್ಕಳ ಓದು, ಹಿರಿಯರ ಆರೋಗ್ಯ ಎಲ್ಲವೂ ಒಮ್ಮೆಗೇ ಎದುರಾದಾಗ ನಾವು ನೂರು ಊಹೆಗಳಲ್ಲಿ ಕಳೆದುಹೋಗುತ್ತೇವೆ. ಆಗ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದರಲ್ಲಿ ನನಗೆ ಖಚಿತವಾಗಿ ಗೊತ್ತಿರುವುದೇನು? ಚಿಕ್ಕದಾದರೂ ಸರಿ, ಆ ನಿಜವನ್ನು ಹಿಡಿದು ಮುಂದಿನ ಹೆಜ್ಜೆ ಇಡೋಣ. ಬದುಕಿನ ಪ್ರಶ್ನೆಗಳಿಗೆ ಒಂದೇ ಉತ್ತರ ಇರಲಿಕ್ಕಿಲ್ಲ. ಆದರೆ ಭಯದಿಂದಲ್ಲ, ವಿವೇಕದಿಂದ ಆರಂಭಿಸುವ ಅವಕಾಶ ಪ್ರತಿ ಬೆಳಗೂ ನಮಗಿದೆ.