ಸಳಿ ನೋಡಿ ಸ್ಲ್ಯಾಬ್ ಹಾಕಿಸಿ



ಇವತ್ತು ಮನೆಗೆ ಹಾಕೋ ಕಬ್ಬಿಣದ ಸಳಿ ಬಗ್ಗೆ ಮಾತಾಡೋಣ. ಇದು ಗಂಡಸರ ಮಾತು ಅಂತ ಎದ್ದು ಹೋಗಬ್ಯಾಡ್ರಿ. ಗೌಂಡಿ ಕೆಲಸದಾಗ ಖಡಿ, ಉಸುಕು ಹೊರೋರು ನೀವು. ಸಂಘದ ಸಾಲ ತಂದು ಮನೆ ಕಟ್ಟಿಸೋರೂ ನೀವು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ದೊಡ್ಡ ಕಟ್ಟಡ ಕುಸಿಯಿತು. 19 ಜನ ಸತ್ತರು. ಕಟ್ಟಡ ಬೀಳಾಕ ಕಾರಣ ಬ್ಯಾರೆ ಬ್ಯಾರೆ ಇರತಾವ. ಅಡಿಪಾಯ, ಕಂಬ, ಸಿಮೆಂಟು, ಭಾರ. ಆದರ ಸಳಿ ಒಮ್ಮೆ ಕಾಂಕ್ರೀಟಿನೊಳಗ ಹೋದರ ಕಣ್ಣಿಗೆ ಕಾಣೋದಿಲ್ಲ. ಮೊದಲೇ ನೋಡಬೇಕು.

ಕಾಂಕ್ರೀಟ್ ಕಲ್ಲಿನಂಗ. ಒತ್ತಿದರ ತಡೀತೈತಿ, ಜಗ್ಗಿದರ ಬಿರುಕು ಬಿಡತೈತಿ. ಜಗ್ಗೋ ಬಲವನ್ನು ತಡೆಯೋದು ಸಳಿ.

ಮೊದಲು ನುಣುಪಾದ ದುಂಡು ಸಳಿ ಇತ್ತು. ಅದಕ್ಕೆ ಕಾಂಕ್ರೀಟಿನ ಹಿಡಿತ ಕಡಿಮೆ. ಆಮೇಲೆ ತಿರುಚಿದ ಸಳಿ ಬಂತು. ಹಳೇ ಮನೆ ಒಡೆದಾಗ ಹಗ್ಗ ಹೊಸೆದಂಗ ಕಾಣೋದು ಅದೇ. ಈಗಿನದು ಟಿ.ಎಂ.ಟಿ. ಸಳಿ. ಕಮ್ಮಾರ ಕಾದ ಕುಡಗೋಲನ್ನು ನೀರಿಗೆ ಅದ್ದಿದಂಗ, ಕಾದ ಸಳಿಗೆ ಒಮ್ಮೆಲೇ ನೀರು ಹೊಡೀತಾರ. ಹೊರಪದರ ಗಟ್ಟಿ ಆಗತೈತಿ, ಒಳಗಿನದು ಬಾಗುವಂಗ ಉಳೀತೈತಿ. ಮೈಮೇಲೆ ಗೀರು ಇರೋದರಿಂದ ಕಾಂಕ್ರೀಟಿನ ಹಿಡಿತ ಗಟ್ಟಿ.

ಸಳಿ ಮೈಮೇಲೆ ಕಂಪನಿ ಹೆಸರು, 500 ಅಥವಾ 550 ಅನ್ನೋ ಅಂಕಿ ಉಬ್ಬಿರತಾವ. ಅದು ಬಲದ ಅಂಕಿ. ಈಗ ನಿಮಗ ಓದಾಕ ಬರತೈತಿ, ಓದ್ರಿ. ತೂಕಾನೂ ಮಾಡಸ್ರಿ. 12 ಮೀಟರ್ ಉದ್ದದ ಒಂದು ಸಳಿ, 8 ಮಿಲಿಮೀಟರ್ ದಪ್ಪದ್ದಾದರ ಸುಮಾರು 4 ಕಿಲೋ 700 ಗ್ರಾಂ, 10ರದು 7 ಕಿಲೋ 400 ಗ್ರಾಂ, 12ರದು 10 ಕಿಲೋ 650 ಗ್ರಾಂ. ಚೂರು ಹೆಚ್ಚುಕಡಿಮೆ ಇರಲಿ. ಬಹಳ ಹಗುರ ಇದ್ದರ ವಾಪಸ್ ಕಳಸ್ರಿ.

ಮಂದಿ ಹೆಚ್ಚು ತಪ್ಪೋದು ಛಜ್ಜಾದಾಗ. ಎರಡು ಗೋಡೆ ಮ್ಯಾಲ ಕೂತ ಸ್ಲ್ಯಾಬಿನ ನಡುಭಾಗ ಕೆಳಗ ಬಾಗತೈತಿ, ತಳ ಹಿಗ್ಗತೈತಿ. ಅಲ್ಲಿ ಮುಖ್ಯ ಸಳಿ ತಳದಾಗ ಇರಬೇಕು. ಛಜ್ಜಾಕ್ಕ ಒಂದೇ ಕಡೆ ಆಧಾರ. ತುದಿ ತೂಗತೈತಿ, ಮೇಲ್ಭಾಗ ಹಿಗ್ಗತೈತಿ. ಅದಕ್ಕ ಮುಖ್ಯ ಸಳಿ ಮ್ಯಾಲೇ ಇರಬೇಕು. ಬುಟ್ಟಿ ಹೊತ್ತು ಅದರ ಮ್ಯಾಲ ತುಳಿದಾಡಿದರ ಸಳಿ ಕೆಳಗ ಕೂಡತೈತಿ. ಹಲಗಿ ಬಿಚ್ಚಿದಾಗ ಛಜ್ಜಾ ತಲೆ ಮ್ಯಾಲೇ ಬೀಳಬಹುದು. ತುಳಿಯೋ ಹೆಣ್ಣುಮಗಳ ತಪ್ಪಲ್ಲ ಅದು, ಓಡಾಡಾಕ ಬ್ಯಾರೆ ಹಲಗಿ ಹಾಕಿಕೊಡಬೇಕು.

ಸಳಿ ಹಲಗಿಗೆ ತಾಗಬಾರದು. ನಡುವೆ ಸಿಮೆಂಟ್ ಬಿಲ್ಲೆ ಇಡಸ್ರಿ. ಸ್ಲ್ಯಾಬಿಗೆ 20 ಮಿಲಿಮೀಟರ್, ಕಂಬಕ್ಕೆ 40. ಇಲ್ಲದಿದ್ದರ ತುಕ್ಕು ಹಿಡಿದು, ಸಳಿ ಉಬ್ಬಿ, ಸಿಮೆಂಟು ಉದರತೈತಿ.

ನಕ್ಷೆಯಲ್ಲಿ 8, 150 ಅಂತ ಬರೆದಿದ್ದರ, 8 ಮಿಲಿಮೀಟರ್ ದಪ್ಪದ ಸಳಿ 150 ಮಿಲಿಮೀಟರಿಗೆ ಒಂದು ಅಂತ ಅರ್ಥ. ಅಂದರ ಅರ್ಧ ಅಡಿಗೆ ಒಂದು. ಟೇಪ್ ಹಿಡಿದು ಅಳೀರಿ. ಕಾಂಕ್ರೀಟ್ ಹಾಕೋ ಹಿಂದಿನ ದಿನಾನೇ ಅಳೀರಿ, ಮರುದಿನ ಮುಂಜಾನೆ ಯಾರಿಗೂ ಪುರಸೊತ್ತು ಇರೋದಿಲ್ಲ.