ಸೋರುವ ತಾರಸಿ, ಮಲೆನಾಡಿನ ಮಾಡು

(ಮಳೆಗಾಲದ ಸಿದ್ಧತೆಯನ್ನು ಕುರಿತ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಅನೇಕ ಊರುಗಳಲ್ಲಿ ಇಂದು ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ಅಜ್ಜನ ಕಾಲದ ಹೆಂಚಿನ ಮನೆ ಆರಿದ್ರಾ ಮಳೆಯಲ್ಲಿಯೂ ಒಳಗೆ ಒಣಗಿಯೇ ಇರುತ್ತದೆ. ಅದರ ಮಗ್ಗುಲಲ್ಲಿ, ಇತ್ತೀಚೆಗೆ ಜೀಪು ನಿಲ್ಲಿಸಲೆಂದು ಕಟ್ಟಿದ ಕಾಂಕ್ರೀಟು ತಾರಸಿಯ ಷೆಡ್ಡು ಸೋರುತ್ತಿರುತ್ತದೆ. ನೆಲದಲ್ಲಿ ಬಕೆಟ್ಟು, ಗೊಬ್ಬರದ ಚೀಲಗಳ ಮೇಲೆ ಪ್ಲಾಸ್ಟಿಕ್ ಹಾಳೆ, ಜೀಪಿನ ಮೇಲೆ ತೊಟ್ಟಿಕ್ಕಿದ ಸುಣ್ಣದ ಬಿಳಿ ಕಲೆ. ಹೆಚ್ಚು ಹಣ ಸುರಿದ ಕಟ್ಟಡವೇ ಮೊದಲು ಸೋತಿರುವುದೇಕೆ ಎಂಬುದು ಯೋಚಿಸಬೇಕಾದ ಪ್ರಶ್ನೆ.

ಉತ್ತರ ಸರಳವಾಗಿದೆ. ಹಳೆಯ ಮಾಡು ನೀರನ್ನು ತಡೆಯುವುದಿಲ್ಲ, ಸಾಗಹಾಕುತ್ತದೆ. ಸಮತಟ್ಟಾದ ತಾರಸಿ ನೀರನ್ನು ಸಾಗಹಾಕುವುದಿಲ್ಲ, ತಡೆದು ನಿಲ್ಲಿಸಲು ಹೆಣಗುತ್ತದೆ. ಮಳೆ ಕಡಿಮೆ ಇರುವ ಬಯಲುಸೀಮೆಯಲ್ಲಿ ಆ ಹೆಣಗಾಟ ಗೆಲ್ಲಬಹುದು. ಆದರೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿ 4 ಮೀಟರ್ ಅಗಲ, 5 ಮೀಟರ್ ಉದ್ದದ ಒಂದು ಪುಟ್ಟ ಷೆಡ್ಡಿನ ಮೇಲೆ, ಅಂದರೆ 20 ಚದರ ಮೀಟರಿನ ಮೇಲೆ, ವರ್ಷಕ್ಕೆ 1,40,000 ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಇಷ್ಟು ನೀರಿಗೆ ಹೋಗಲು ದಾರಿ ಕೊಡದಿದ್ದರೆ ಅದು ತಾನೇ ದಾರಿಯನ್ನು ಹುಡುಕಿಕೊಳ್ಳುತ್ತದೆ.

ಸೋರಿಕೆ ಆರಂಭವಾಗುವ ಬಗೆಯನ್ನು ಗಮನಿಸಬೇಕು. ತಾರಸಿಯ ಸುತ್ತ ಅಂದಕ್ಕೆಂದು ಗಿಡ್ಡ ಗೋಡೆ ಕಟ್ಟಿ, ಒಂದೇ ಮೂಲೆಯಲ್ಲಿ ನೀರಿನ ಕೊಳವೆ ಇಟ್ಟಿರುತ್ತಾರೆ. ಹಲಸು, ಮಾವು, ಸಿಲ್ವರ್ ಓಕಿನ ಎಲೆಗಳು ಬಿದ್ದು ಕೊಳವೆಯ ಬಾಯಿ ಮುಚ್ಚುತ್ತದೆ, ತಾರಸಿ ತೊಟ್ಟಿಯಾಗುತ್ತದೆ. 20 ಚದರ ಮೀಟರಿನಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಅದರ ಭಾರ ಒಂದು ಟನ್. ಎಲೆ ಕೊಳೆತ ಜಾಗದಲ್ಲಿ ಪಾಚಿ ಕಟ್ಟಿ, ಬಿರುಕಿನಲ್ಲಿ ಆಲದ ಸಸಿ ಬೇರಿಳಿಸುತ್ತದೆ.

ಬಿರುಕಿನಿಂದ ಇಳಿದ ನೀರು ಒಳಗಿನ ಕಬ್ಬಿಣದ ಸರಳುಗಳನ್ನು ಮುಟ್ಟುತ್ತದೆ. ಹೊಸ ಕಾಂಕ್ರೀಟಿನ ಕ್ಷಾರಗುಣವು ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಳು ಕಳೆದಂತೆ ಒಳಸೇರಿ ಆ ಕ್ಷಾರಗುಣವನ್ನು ಕುಂದಿಸುತ್ತದೆ. ಬಳಿಕ ತುಕ್ಕು ತಡೆಯಿಲ್ಲದೆ ಬೆಳೆಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಕೆಳಗಿನ ಗಾರೆ ಚಕ್ಕೆಯಾಗಿ ಉದುರುವುದು ಈ ಕಾರಣದಿಂದ. ಅದು ಕೇವಲ ಅಂದಗೇಡಲ್ಲ, ಅಪಾಯದ ಮುನ್ಸೂಚನೆ. 10 ಸೆಂಟಿಮೀಟರ್ ದಪ್ಪದ ಅಂತಹ ತಾರಸಿಯ ಸ್ವಂತ ಭಾರವೇ ಸುಮಾರು ಐದು ಟನ್. ಅದರ ಅಡಿಯಲ್ಲಿ ಮಕ್ಕಳು ಆಡುತ್ತಾರೆ, ಕೂಲಿಯವರು ಮಳೆಗೆ ನಿಲ್ಲುತ್ತಾರೆ.

ಸಾಮಾನ್ಯವಾಗಿ ಜನರು ಮಾಡುವುದೇನು? ಪ್ರತಿ ವರ್ಷ ಪೇಟೆಯಿಂದ ಒಂದು ಡಬ್ಬಿ ಜಲನಿರೋಧಕ ಬಣ್ಣ ತಂದು ಬಳಿಯುತ್ತಾರೆ. ಈ ಬಣ್ಣ ಹಿಡಿಯಬೇಕಾದರೆ ತಾರಸಿ ಪೂರ್ಣ ಒಣಗಿರಬೇಕು. ಮುಂಗಾರಿನ ಮೋಡ ಕಂಡ ಮೇಲೆ ಅವಸರದಲ್ಲಿ ಬಳಿದದ್ದು ಒಂದೇ ಮಳೆಗಾಲದಲ್ಲಿ ಸುಲಿದು ಬರುತ್ತದೆ. ಸರಿಯಾಗಿ ಬಳಿದದ್ದು ಸಹ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಇನ್ನು ಕೆಲವರು ಮೇಲೊಂದು ಪದರ ಗಾರೆ ಹಾಕಿಸುತ್ತಾರೆ. 5 ಸೆಂಟಿಮೀಟರ್ ಗಾರೆ ಎಂದರೆ ಆ ಪುಟ್ಟ ಷೆಡ್ಡಿನ ಮೇಲೆ ಇನ್ನೂ ಎರಡು ಟನ್. ರೋಗಿಗೆ ಔಷಧದ ಬದಲು ಮೂಟೆ ಹೊರಿಸಿದಂತೆ ಇದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ ತಾರಸಿಯ ಆರೋಗ್ಯವನ್ನು ಪರೀಕ್ಷಿಸಬೇಕು. ಕೆಳಗಿನಿಂದ ಕೋಲಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಸರಳು ಹೊರಗೆ ಕಂಡರೆ, ನಡುವೆ ಬಾಗಿದ್ದರೆ ಅದರ ಕೆಳಗೆ ಯಾರೂ ನಿಲ್ಲಬಾರದು; ಎಂಜಿನಿಯರನ್ನು ಕರೆಸಿ, ಊರೆ ಕೊಟ್ಟು, ಕ್ರಮವಾಗಿ ಕೆಡವಿಸಬೇಕು. ತಾರಸಿ ಗಟ್ಟಿಯಾಗಿದ್ದು, ಅಲ್ಲಲ್ಲಿ ಮಾತ್ರ ಸೋರುತ್ತಿದ್ದರೆ ಕೆಡವುವ ಅಗತ್ಯವಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇಕಡ 7ರಿಂದ 8ರಷ್ಟು ಸಿಮೆಂಟಿನಿಂದಲೇ ಬರುತ್ತದೆ. ಇರುವ ಕಾಂಕ್ರೀಟನ್ನು ಉಳಿಸಿಕೊಳ್ಳುವುದು ಮನೆಗೂ ಹೊಳೆಯ ಮರಳಿಗೂ ಒಳ್ಳೆಯದು.

ಗಟ್ಟಿ ತಾರಸಿಗೆ ಶಾಶ್ವತ ಪರಿಹಾರವೆಂದರೆ ಅದರ ಮೇಲೊಂದು ಇಳಿಜಾರಿನ ಮಾಡು. ಮಲೆನಾಡಿನ ಜನರು ಇದನ್ನು ಯಾರೂ ಹೇಳಿಕೊಡದೆ ತಾವೇ ಕಂಡುಕೊಂಡಿದ್ದಾರೆ. ತಾರಸಿಯ ಮೇಲೆ ಕಂಬ ನಿಲ್ಲಿಸಿ ತಗಡು ಹೊದೆಸಿದ ಮನೆಗಳು ಎಲ್ಲೆಡೆ ಇವೆ. ಕಂಬಗಳನ್ನು ತಾರಸಿಯನ್ನು ಕೊರೆದು ನಿಲ್ಲಿಸದೆ ಗೋಡೆ ಅಥವಾ ತೊಲೆಯ ಮೇಲೆ ಭಾರ ಬೀಳುವಂತೆ ನಿಲ್ಲಿಸಬೇಕು. ಗಾಳಿಗೆ ಮಾಡು ಹಾರದಂತೆ ಬಿಗಿಯಬೇಕು. ಸೂರು ಗೋಡೆಯಿಂದ ಎರಡಡಿಯಾದರೂ ಹೊರಚಾಚಿರಬೇಕು. ಅಡಿಕೆ ಒಣಗಿಸಲು ತಾರಸಿ ಬೇಕೆನ್ನುವವರ ಮಾತು ನ್ಯಾಯವಾದುದೇ. ಅಂತಹವರು ಮಾಡಿನ ಒಂದು ಭಾಗಕ್ಕೆ ಬೆಳಕು ಹಾಯುವ ಹಾಳೆ ಹೊದೆಸಿ, ಬದಿಗಳನ್ನು ಗಾಳಿಗೆ ತೆರೆದಿಟ್ಟರೆ ಅಕಾಲದ ಮಳೆಯಿಂದ ಅಡಿಕೆಯೂ ಉಳಿಯುತ್ತದೆ.

ಹೊದಿಕೆ ಯಾವುದಾಗಿರಬೇಕು ಎಂಬುದು ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. ಅಗ್ಗವೆಂದು ಆಸ್ಬೆಸ್ಟಾಸ್ ಸಿಮೆಂಟ್ ಶೀಟನ್ನು ತರುವ ರೂಢಿ ಇನ್ನೂ ನಿಂತಿಲ್ಲ. ಆಸ್ಬೆಸ್ಟಾಸಿನ ಎಲ್ಲ ಬಗೆಗಳೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಬ್ರಿಟನ್ 1999ರಲ್ಲಿ ಅದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ನಿಷೇಧ ಜಾರಿಯಲ್ಲಿದೆ. ಭಾರತದಲ್ಲಿ ಶೀಟುಗಳ ತಯಾರಿಕೆಯೂ ಮಾರಾಟವೂ ನಡೆದೇ ಇದೆ. ಶೀಟನ್ನು ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ನೆಲೆಸುತ್ತವೆ. ಕಾಯಿಲೆ ಕಾಣಿಸಿಕೊಳ್ಳಲು ಹಲವು ದಶಕಗಳೇ ಬೇಕಾಗಬಹುದು. ಇಂದು ಶೀಟು ಕೊರೆದ ಯುವಕ ತನ್ನ ಮುಪ್ಪಿನಲ್ಲಿ ಅದರ ಬೆಲೆ ತೆರುತ್ತಾನೆ. ಆಗ ಕಾರಣವನ್ನು ನೆನಪಿಸುವವರೂ ಇರುವುದಿಲ್ಲ.

ಈಗಾಗಲೇ ಇರುವ ಹಳೆಯ ಶೀಟು ಒಡೆಯದೆ ನಿಂತಿದ್ದರೆ ಗಾಬರಿಪಡಬೇಕಾಗಿಲ್ಲ. ಆದರೆ ಅದನ್ನು ಉಜ್ಜಿ ತೊಳೆಯಬಾರದು. ತೆಗೆಯಲೇಬೇಕಾದರೆ ನೀರು ಚಿಮುಕಿಸಿ, ತಿರುಪು ಬಿಚ್ಚಿ, ಇಡಿಯಾಗಿ ಇಳಿಸಬೇಕು. ಮೂಗಿಗೆ ಕಟ್ಟಿದ ಬಟ್ಟೆ ಈ ಎಳೆಗಳನ್ನು ತಡೆಯುವುದಿಲ್ಲ. ಚೂರುಗಳನ್ನು ರಸ್ತೆಯ ಗುಂಡಿಗೆ ತುಂಬುವ ಪದ್ಧತಿಯಂತೂ ನಿಲ್ಲಲೇಬೇಕು. ವಿಲೇವಾರಿಯ ಬಗ್ಗೆ ಗ್ರಾಮ ಪಂಚಾಯಿತಿಯ ಮೂಲಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ವಿಚಾರಿಸುವುದು ಒಳಿತು.

ಉಳಿದ ಆಯ್ಕೆಗಳು ಎರಡು: ಲೋಹದ ತಗಡು ಮತ್ತು ಹೆಂಚು. ತಗಡು ಹಗುರ, ಬೇಗ ಮುಗಿಯುವ ಕೆಲಸ, ಮಂಗಗಳ ಕಾಟಕ್ಕೂ ಜಗ್ಗುವುದಿಲ್ಲ. ಆದರೆ ಮಳೆಯಲ್ಲಿ ಸದ್ದು, ಬೇಸಿಗೆಯಲ್ಲಿ ಕಾವು. ಹೆಂಚು 1860ರ ದಶಕದಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿ, ಹುಲ್ಲು ಮತ್ತು ಸೋಗೆಯ ಮಾಡುಗಳ ಜಾಗ ಹಿಡಿಯಿತು. ಹೊಸ ಹೆಂಚೂ ನಿರ್ದೋಷಿಯಲ್ಲ. ಅದಕ್ಕೆ ಜೇಡಿಮಣ್ಣು ಬೇಕು, ಸುಡಲು ಸೌದೆ ಬೇಕು. ಆದರೆ ಹಳೆಯ ಮನೆಗಳನ್ನು ಕೆಡವಿದಾಗ ಸಿಗುವ ಹೆಂಚುಗಳಿಗೆ ಹೊಸ ಮಣ್ಣೂ ಬೇಡ, ಹೊಸ ಬೆಂಕಿಯೂ ಬೇಡ. ಒಡೆದ ಒಂದು ಹೆಂಚನ್ನು ಮನೆಯವರೇ ಬದಲಿಸಬಹುದು. ಪಕಾಸು, ರೀಪಿಗೆ ಕಾಡಿನ ಮರವೇ ಆಗಬೇಕೆಂದಿಲ್ಲ; ಕಬ್ಬಿಣದ ಕೊಳವೆಗಳಿಗೆ ಗೆದ್ದಲು ಹತ್ತುವುದಿಲ್ಲ. ಇಳಿಜಾರಿನಲ್ಲಿ ಮಾತ್ರ ಜಿಪುಣತನ ಸಲ್ಲದು: ಅಡ್ಡಕ್ಕೆ ಒಂದಡಿ ಹೋದರೆ ಮೇಲಕ್ಕೆ ಏಳು ಅಂಗುಲವಾದರೂ ಏರಿಕೆ ಬೇಕು.

ಷೆಡ್ಡನ್ನು ಕೆಡವಿ ಹೊಸದಾಗಿ ಕಟ್ಟುವವರಿಗೆ ಒಂದೇ ಮಾತು. ಜೀಪಿಗೆ ತಾರಸಿ ಬೇಕಾಗಿಲ್ಲ. ನಾಲ್ಕು ಕಂಬ, ಒಂದು ಮಾಡು ಸಾಕು. ಮುಂದೆ ಎಂದೋ ಮೇಲೊಂದು ಮಹಡಿ ಕಟ್ಟುವ ಆಸೆಗಾಗಿ ಅಂದಿನವರೆಗೂ ಸೋರಿಕೆಯನ್ನು ಸಾಕುವುದು ವಿವೇಕವಲ್ಲ.

ಕೊನೆಯದಾಗಿ, ಮಾಡಿನಿಂದ ಇಳಿದ ನೀರಿನ ವಿಚಾರ. ತಾರಸಿಯಿಂದ ಓಡಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳದಿದ್ದರೆ ಕೆಲಸ ಅರ್ಧವೇ ಆದಂತೆ. ಸಮತಟ್ಟು ಜಾಗದಲ್ಲಿ ಅದನ್ನು ಸೋಸಿ ಬಾವಿಯ ಬಳಿ ಇಂಗಿಸಬಹುದು, ತೊಟ್ಟಿಯಲ್ಲಿ ಕೂಡಿಡಬಹುದು. ಗುಡ್ಡ ಕಡಿದು ಮಾಡಿದ ಜಾಗದಲ್ಲಿ ಈ ಸಲಹೆ ಅಪಾಯಕಾರಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದನ್ನು ಯಾರೂ ಮರೆತಿಲ್ಲ. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಅಂತಹ ಕಡೆ ಧರೆಯ ಅಂಚಿನಲ್ಲಿ ಇಂಗುಗುಂಡಿ ತೋಡದೆ, ಕಲ್ಲು ಹಾಸಿದ ಕಾಲುವೆಯ ಮೂಲಕ ನೀರನ್ನು ಸಹಜ ಹಳ್ಳಕ್ಕೆ ತಲುಪಿಸಬೇಕು.

ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಈ ಕೆಲಸವನ್ನು ಇಂದೇ ಆರಂಭಿಸಬಹುದು. ಯಾವ ಮಾಡು ಸೋರುತ್ತದೆ, ಯಾವುದು ಸೋರುವುದಿಲ್ಲ, ಎಲ್ಲೆಲ್ಲಿ ಆಸ್ಬೆಸ್ಟಾಸ್ ಶೀಟು ಇದೆ, ಯಾರ ಅಟ್ಟದಲ್ಲಿ ಹಳೆಯ ಹೆಂಚು ಪೇರಿಸಿಟ್ಟಿದೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಲಿ. ಒಬ್ಬರ ಅಟ್ಟದಲ್ಲಿ ಧೂಳು ಹಿಡಿದ ಹೆಂಚು ಇನ್ನೊಬ್ಬರ ಷೆಡ್ಡಿಗೆ ಮಾಡಾಗಲಿ. ಹಿರಿಯರು ಮುಂಗಾರಿಗೆ ಮುನ್ನ ಒಮ್ಮೆ ತಾರಸಿ ಹತ್ತಿ ಕೊಳವೆಯ ಬಾಯಿಯ ಎಲೆಗಳನ್ನು ತೆಗೆಯಲಿ. ಅದಕ್ಕೆ ಖರ್ಚಿಲ್ಲ, ಅರ್ಧ ಗಂಟೆ ಸಾಕು. ಉಳಿದದ್ದೆಲ್ಲವೂ ಅದರ ನಂತರದ ಮಾತು.