ಕಣ್ಣಿಗೆ ಡಿಸ್ಕೌಂಟ್ ಇಲ್ಲ

ಇವತ್ತು ಮಾತಾಡ್ತಿರೋದು ಒಂದು ಆಟದ ಬಗ್ಗೆ. ಹೆಸರು ಪೇಂಟ್‌ಬಾಲ್. ಬಣ್ಣ ತುಂಬಿದ ಗುಂಡನ್ನು ಗ್ಯಾಸಿನ ಬಂದೂಕಿನಿಂದ ಹಾರಿಸ್ತಾರೆ. ಗುಂಡು ಮೈಗೆ ತಾಗಿ ಒಡೆದರೆ ನೀವು ಔಟ್. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹುಡುಗರು ಬೆಂಗಳೂರಿನ ರೆಸಾರ್ಟಿನಲ್ಲಿ ಒಂದು ಸಲ ಆಡಿ ಬಂದರೆ ಸಾಕು, ಊರಿಗೆ ಬಂದು ಕೇಳೋ ಪ್ರಶ್ನೆ ಒಂದೇ: ಕಡಿಮೆ ರೇಟಿನ ಬಂದೂಕು ಎಲ್ಲಿ ಸಿಗುತ್ತೆ?

ಆಸೆ ತಪ್ಪಲ್ಲ. ಬಣ್ಣದ ಆಟವನ್ನು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೋಳಿಗೆ ಜೀವಂತ ರತಿ-ಕಾಮರನ್ನು ಕೂರಿಸಿ ನಗಿಸೋ ಪಂದ್ಯ ಕಟ್ಟೋ ಊರು ರಾಣೆಬೆನ್ನೂರು. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿದ್ದೇ ಖಾರಕ್ಕಿಂತ ಬಣ್ಣಕ್ಕೆ. ಕಟಾವು ಮುಗಿದ ಹೊಲ, ಹಳೇ ಟ್ರ್ಯಾಕ್ಟರ್ ಟೈರು, ನಾಲ್ಕು ಮೇವಿನ ಬಣವೆ ಇದ್ದರೆ ಮೈದಾನ ರೆಡಿ.

ಆಟದವರು ಈ ಬಂದೂಕನ್ನು ಮಾರ್ಕರ್ ಅಂತಾರೆ. ಅಂದ್ರೆ ಗುರುತು ಹಾಕೋ ಸಾಧನ. ಅಮೆರಿಕದಲ್ಲಿ ಇದು ಮೊದಲು ಬಂದಿದ್ದೇ ಕಡಿಯಬೇಕಾದ ಮರಕ್ಕೆ, ಹಿಂಡಿನ ದನಕ್ಕೆ ದೂರದಿಂದ ಬಣ್ಣದ ಗುರುತು ಹಾಕೋದಕ್ಕೆ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್‌ನ ಕಾಡಿನಲ್ಲಿ 12 ಜನ ಅದನ್ನೇ ಹಿಡಿದುಕೊಂಡು ಮೊದಲ ಆಟ ಆಡಿದರು. ಗೆದ್ದವನು ಕಾಡು ಬಲ್ಲ ಮನುಷ್ಯ. ಸದ್ದಿಲ್ಲದೆ ಬಾವುಟಗಳನ್ನೆಲ್ಲ ಸೇರಿಸಿಕೊಂಡು ಬಂದುಬಿಟ್ಟ. ಹಾರಿಸಿದ ಗುಂಡು ಎಷ್ಟು ಗೊತ್ತಾ? ಒಂದೂ ಇಲ್ಲ!

ಹಾಗಾಗಿ ತಮ್ಮಾ, ದುಬಾರಿ ಬಂದೂಕು ಬೇಕಾಗಿಲ್ಲ. ತಿಂಗಳಿಗೊಂದು ಭಾನುವಾರ ಆಡೋರಿಗೆ ಸಾದಾ ಮಾರ್ಕರ್ ಸಾಕು. ಒಂದೊಂದು ಸಲ ಎಳೆದು ಹೊಡೆಯೋ ಪಂಪ್ ಮಾರ್ಕರ್ ಇದೆ. ಚಿಕ್ಕ ಗುಂಡಿನ, ಗ್ಯಾಸೇ ಬೇಡದ ಸ್ಪ್ರಿಂಗ್ ಮಾರ್ಕರೂ ಇದೆ. ಬಂದೂಕಿನದ್ದು ಒಂದು ಸಲದ ಖರ್ಚು, ಗುಂಡಿನದ್ದು ಪ್ರತಿ ಆಟದ ಖರ್ಚು. ಬೇಗ ಬೇಗ ಹೊಡೆಯೋ ಬಂದೂಕು ಗುಂಡನ್ನೂ ಬೇಗ ಬೇಗ ತಿನ್ನುತ್ತೆ. ಗುಂಡಿನ ಸಿಪ್ಪೆ ಜೆಲಾಟಿನ್‌ನದ್ದು. ನಮ್ಮ ಏಪ್ರಿಲ್ ಬಿಸಿಲಿಗೆ ಇಟ್ಟರೆ ಮೆತ್ತಗಾಗಿ ನಳಿಕೆಯೊಳಗೇ ಒಡೆಯುತ್ತೆ. ಇನ್ನು ಗಾಳಿ ಸಿಲಿಂಡರ್. ಕಾರಿನ ಟೈರಿಗೆ 30-35 ಪಿಎಸ್‌ಐ ಸಾಕು, ಇದಕ್ಕೆ 3000. ಪಂಕ್ಚರ್ ಅಂಗಡಿಯಲ್ಲಿ ಆಗೋ ಕೆಲಸ ಅಲ್ಲ. ತುಂಬಿಸೋ ಜಾಗ ಗೊತ್ತಿಲ್ಲದೆ ಬಂದೂಕು ಕೊಂಡವರು ಅದನ್ನು ಗೋಡೆಗೆ ನೇತು ಹಾಕಬೇಕಷ್ಟೇ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ದೊಡ್ಡವರ ಪೇಂಟ್‌ಬಾಲ್ ಗುಂಡು ಗಾತ್ರದಲ್ಲಿ ಹೆಚ್ಚುಕಡಿಮೆ ಒಂದು ಗೋಲಿ. ಸುಮಾರು 3 ಗ್ರಾಂ ತೂಕ. ಮೈದಾನಗಳಲ್ಲಿ ಸಾಮಾನ್ಯವಾಗಿ ಒಪ್ಪಿರೋ ಗರಿಷ್ಠ ವೇಗ ಸೆಕೆಂಡಿಗೆ 300 ಅಡಿ. ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 330 ಕಿಲೋಮೀಟರ್. ಶೋಯಬ್ ಅಖ್ತರ್ 2003ರಲ್ಲಿ ಎಸೆದ ದಾಖಲೆ ಚೆಂಡಿನ ವೇಗ 161. ಅದರ ಎರಡರಷ್ಟು! ಕ್ರಿಕೆಟ್ ಚೆಂಡು ದೊಡ್ಡದು, ಬಹಳ ಸಲ ಹುಬ್ಬಿನ ಮೂಳೆ, ಕೆನ್ನೆಯ ಮೂಳೆ ಅದರ ಪೆಟ್ಟು ತಡೆಯುತ್ತೆ. ಗೋಲಿಯಷ್ಟು ಗುಂಡಿಗೆ ಆ ತಡೆ ಇಲ್ಲ. ನೇರ ಕಣ್ಣಿಗೇ ಬೀಳುತ್ತೆ.

ಅಗ್ಗದ ಬಂದೂಕಿನ ಬೆಲೆ ಏನು ಅಂತ ದೇಶ ಆಗಲೇ ನೋಡಿದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಬೀದಿಗಳಲ್ಲಿ ಕಾರ್ಬೈಡ್ ಗನ್ ಮಾರಿದರು. ಪ್ಲಾಸ್ಟಿಕ್ ಪೈಪಿನ ಆಟಿಕೆ, 150-200 ರೂಪಾಯಿ. ನೂರಕ್ಕೂ ಹೆಚ್ಚು ಜನ ಕಣ್ಣಿನ ಗಾಯದಿಂದ ಆಸ್ಪತ್ರೆ ಸೇರಿದರು. ಅದರಲ್ಲಿ ಹೆಚ್ಚಿನವರು ಮಕ್ಕಳು. ಕೆಲವರಿಗೆ ದೃಷ್ಟಿಯೇ ಹೋಯ್ತು. ಪೇಂಟ್‌ಬಾಲ್ ಆ ಜಾತಿಯದ್ದಲ್ಲ, ಒಪ್ತೀನಿ. ಇದಕ್ಕೆ ನಿಯಮ ಇದೆ, ರಕ್ಷಣೆಯ ಸಾಮಾನಿದೆ. ಆದರೆ ಆ ಸಾಮಾನನ್ನೇ ಬಿಟ್ಟು ಬರೀ ಬಂದೂಕು ತಂದರೆ ಎರಡಕ್ಕೂ ವ್ಯತ್ಯಾಸ ಏನು ಉಳೀತು ಸ್ವಾಮಿ?

ಆದ್ದರಿಂದ ಲೆಕ್ಕವನ್ನು ಮುಖವಾಡದಿಂದ ಶುರು ಮಾಡಿ. ಕಣ್ಣು, ಕಿವಿ, ಬಾಯಿ ಮುಚ್ಚೋ, ಪೇಂಟ್‌ಬಾಲ್‌ಗೆ ಅಂತಲೇ ಮಾಡಿದ ಮುಖವಾಡ. ಬೈಕಿನ ಕನ್ನಡಕ, ವೆಲ್ಡಿಂಗ್ ಕನ್ನಡಕ ನಡೆಯೋದಿಲ್ಲ. ಆರು ಜನ ಸೇರಿ ಎರಡೇ ಮಾರ್ಕರ್ ಕೊಂಡರೂ ಪರವಾಗಿಲ್ಲ, ಸರದಿ ಮೇಲೆ ಆಡಿ. ಮುಖವಾಡ ಮಾತ್ರ ಆರು ಇರಲೇಬೇಕು. ಮೈದಾನದೊಳಗೆ ಬೆವರಿಳಿದರೂ ಅದನ್ನು ತೆಗೆಯೋ ಹಾಗಿಲ್ಲ. ಆಟ ಮುಗಿದ ತಕ್ಷಣ ನಳಿಕೆಗೆ ಮುಚ್ಚಳ ಹಾಕಿ, ಗುಂಡು ಖಾಲಿ ಮಾಡಿ, ಚೀಲದೊಳಗಿಡಿ. ನೋಡೋರಿಗೆ ಅದು ನಿಜವಾದ ಬಂದೂಕೇ. ಬಸ್ ಸ್ಟ್ಯಾಂಡಿನಲ್ಲಿ ತೋರಿಸೋ ವಸ್ತು ಅಲ್ಲ.

ಮೈದಾನ ನಡೆಸೋರಿಗೂ ಒಂದು ಮಾತು. ವೇಗ ಅಳೆಯೋ ಯಂತ್ರ ಇಟ್ಟಿದ್ದೀರಾ? ಬಿರುಕು ಬಿಟ್ಟ ಮುಖವಾಡ ಎಸೆದಿದ್ದೀರಾ? ಇಲ್ಲ ಅಂದ್ರೆ ಟಿಕೆಟ್ ಹರಿಯಬೇಡಿ. ಅಪ್ಪ-ಅಮ್ಮಂದಿರೇ, ಮಗ ಬಂದೂಕು ಕೇಳಿದರೆ ಬೈಯಬೇಡಿ. ಮುಖವಾಡ ಎಲ್ಲಪ್ಪಾ ಅಂತ ಕೇಳಿ. ಅದನ್ನು ತೋರಿಸಿದ ಮೇಲೇ ದುಡ್ಡು ಬಿಚ್ಚಿ.